ಕೆಟ್ಟ ಸದ್ದುಗಳ ಪುಟ್ಟ ಪೆಟ್ಟಿಗೆ

ಅಮೆರಿಕದ ಲೈನ್ ಸಿಕ್ಸ್ ಕಂಪನಿ 2018ರಲ್ಲಿ ‘ಎಚ್‌ಎಕ್ಸ್ ಸ್ಟಾಂಪ್’ ಎಂಬ ಪೆಟ್ಟಿಗೆಯೊಂದನ್ನು ಮಾರುಕಟ್ಟೆಗೆ ತಂದಿತು. ಉದ್ದ 178 ಮಿಲಿಮೀಟರ್, ಅಗಲ 126, ಎತ್ತರ 66. ಒಂದು ದಪ್ಪ ಕಾದಂಬರಿಯಷ್ಟು ಗಾತ್ರ, ಸುಮಾರು 1.2 ಕಿಲೋ ತೂಕ. ಗಿಟಾರ್ ನುಡಿಸುವವರು ಕಾಲಿನಿಂದ ಒತ್ತಲು ಮೂರು ಗುಂಡಿಗಳು, ಕಣ್ಣಿಗೊಂದು ಪುಟ್ಟ ಪರದೆ. ಆ ಪರದೆಯಲ್ಲಿ ಹೆಸರುಗಳ ಪಟ್ಟಿಯೊಂದಿದೆ. ‘ಎಸೆಕ್ಸ್ ಎ30’, ‘ಬ್ರಿಟ್ ಪ್ಲೆಕ್ಸಿ’, ‘ಟ್ವೀಡ್ ಬ್ಲೂಸ್’, ‘ಸ್ಕ್ರೀಮ್ 808’, ‘ಮಿನೋಟಾರ್’. ಇವೆಲ್ಲ ಸುಳ್ಳು ಹೆಸರುಗಳು. ಎಸೆಕ್ಸ್ ಎನ್ನುವುದು ಬೀಟಲ್ಸ್ ಬಳಸಿದ ವಾಕ್ಸ್ ಎಸಿ30 ಆಂಪ್ಲಿಫೈಯರ್. ಬ್ರಿಟ್ ಪ್ಲೆಕ್ಸಿ ಎನ್ನುವುದು ಮಾರ್ಷಲ್. ಟ್ವೀಡ್ ಬ್ಲೂಸ್ ಎನ್ನುವುದು ಫೆಂಡರ್ ಬಾಸ್‌ಮನ್. ಕ್ಲಾನ್ ಎಂಬವರು ಮಾಡುತ್ತಿದ್ದ ಸೆಂಟಾರ್ ಪೆಡಲ್ಲಿಗೆ ಗ್ರೀಕ್ ಪುರಾಣದ ಅರ್ಧ ಮನುಷ್ಯ ಅರ್ಧ ಕುದುರೆಯ ಹೆಸರು. ಲೈನ್ ಸಿಕ್ಸ್‌ನವರು ಕುದುರೆಯನ್ನು ಎತ್ತಾಗಿಸಿ ಮಿನೋಟಾರ್ ಎಂದರು. ಟ್ರೇಡ್‌ಮಾರ್ಕಿನ ಭಯಕ್ಕೆ ಮಾಡಿಕೊಂಡ ಉಪಾಯವಿದು. ನಿಜದ ಊರು, ನಿಜದ ಜನರ ಕಥೆ ಬರೆದು ಹೆಸರುಗಳನ್ನಷ್ಟೇ ಬದಲಿಸುವ ಕಾದಂಬರಿಕಾರರಿಗೆ ಇದು ಹೊಸದೇನಲ್ಲ. ಊರಿನವರೆಲ್ಲ ಓದಿದ ತಕ್ಷಣ ಗುರುತು ಹಿಡಿಯುತ್ತಾರೆ.

ಇಂಥ ಪೆಟ್ಟಿಗೆಗೆ ಮಲ್ಟಿ ಎಫೆಕ್ಟ್ಸ್ ಮಾಡೆಲರ್ ಎನ್ನುತ್ತಾರೆ. ಎಲೆಕ್ಟ್ರಿಕ್ ಗಿಟಾರಿನ ಸದ್ದನ್ನು ಬದಲಿಸುವ ಹತ್ತಾರು ಯಂತ್ರಗಳನ್ನೂ, ಆ ಸದ್ದನ್ನು ದೊಡ್ಡದು ಮಾಡುವ ಆಂಪ್ ಮತ್ತು ಸ್ಪೀಕರುಗಳನ್ನೂ ಗಣಿತವಾಗಿಸಿ ಒಂದು ಚಿಪ್ಪಿನೊಳಗೆ ಕೂರಿಸಿದ ಸಾಧನ. ಈಗ ಇದರ ಜಾತಿಯವು ಬೇಕಾದಷ್ಟಿವೆ. ಬಾಸ್‌ನವರದು, ಫ್ರಾಕ್ಟಲ್‌ನವರದು, ಕೆಂಪರ್‌ನವರದು, ಫಿನ್ಲೆಂಡಿನ ನ್ಯೂರಲ್ ಡಿಎಸ್‌ಪಿಯವರದು, ಜೊತೆಗೆ ಚೀನಾದಿಂದ ಬರುವ ಅಗ್ಗದವು. ಗಿಟಾರ್ ಕಲಿಯುವ ಹುಡುಗ ಹುಡುಗಿಯರು ಕೇಳುವುದು ಒಂದೇ ಪ್ರಶ್ನೆ: ಯಾವುದನ್ನು ತೆಗೆದುಕೊಳ್ಳಲಿ? ಉತ್ತರ ಹೇಳುವವರು ಸಾಮಾನ್ಯವಾಗಿ ಎಣಿಸುತ್ತಾರೆ. ಇದರಲ್ಲಿ ಇಷ್ಟು ಆಂಪ್, ಅದರಲ್ಲಿ ಅಷ್ಟು ಎಫೆಕ್ಟ್. ನನಗೆ ಆ ಪಟ್ಟಿಯನ್ನು ಎಣಿಸುವುದಕ್ಕಿಂತ ಓದುವುದು ಹೆಚ್ಚು ಉಪಯೋಗದ ಕೆಲಸ ಎನಿಸುತ್ತದೆ. ಏಕೆಂದರೆ ಅದರಲ್ಲಿರುವ ಸದ್ದುಗಳಲ್ಲಿ ಬಹುಪಾಲು, ಯಾವುದೋ ಕಾಲದಲ್ಲಿ ಯಾವುದೋ ಯಂತ್ರ ಕೆಟ್ಟದ್ದರಿಂದ ಅಥವಾ ಸೋತದ್ದರಿಂದ ಹುಟ್ಟಿದವು. ಕೊಳ್ಳುವವರು ಕೊಳ್ಳುತ್ತಿರುವುದು ಆ ಕೆಡುಕುಗಳನ್ನು.

ಮೊದಲಿಗೆ ಯಾರಿಗೂ ಕೆಟ್ಟ ಸದ್ದು ಬೇಕಿರಲಿಲ್ಲ. 1930ರ ದಶಕದಲ್ಲಿ ಗಿಟಾರಿಗೆ ವಿದ್ಯುತ್ತು ತಗುಲಿಸಿದ್ದು ಸರಳ ಕಾರಣಕ್ಕೆ. ತುತ್ತೂರಿ, ಸ್ಯಾಕ್ಸೋಫೋನುಗಳ ಗದ್ದಲದಲ್ಲಿ ಗಿಟಾರ್ ಕೇಳಿಸುತ್ತಿರಲಿಲ್ಲ. ಆಂಪ್ ಕಟ್ಟುತ್ತಿದ್ದವರ ಗುರಿ, ಇದ್ದ ಸದ್ದನ್ನು ಇದ್ದ ಹಾಗೇ ದೊಡ್ಡದು ಮಾಡುವುದು. ಒಳಗೆ ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವುಗಳು. ಈ ವಾಲ್ವ್ ಒಂದು ಮಿತಿಯವರೆಗೆ ಪ್ರಾಮಾಣಿಕವಾಗಿ ಕೆಲಸ ಮಾಡುತ್ತದೆ. ಅದನ್ನು ದಾಟಿಸಿದರೆ, ಸೂರಿಗೆ ತಲೆ ತಾಗಿದ ಎತ್ತರದ ಮನುಷ್ಯನಂತೆ ಅಲೆಯ ತುದಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಹೊಸ ಸ್ವರಗಳು ಹುಟ್ಟಿಕೊಳ್ಳುತ್ತವೆ. ಇಂಜಿನಿಯರುಗಳು ಇದನ್ನು ಡಿಸ್ಟಾರ್ಷನ್, ಅಂದರೆ ವಿಕೃತಿ ಎಂದು ಕರೆದು ಕಡಿಮೆ ಮಾಡಲು ದುಡಿದರು.

1951ರ ಮಾರ್ಚಿನಲ್ಲಿ ಐಕ್ ಟರ್ನರ್‌ನ ತಂಡ ಮಿಸಿಸಿಪಿಯಿಂದ ಮೆಂಫಿಸ್‌ಗೆ ಕಾರಿನಲ್ಲಿ ಹೊರಟಿತು. ಸ್ಯಾಮ್ ಫಿಲಿಪ್ಸ್‌ನ ಸ್ಟುಡಿಯೋದಲ್ಲಿ ‘ರಾಕೆಟ್ 88’ ಎಂಬ ಹಾಡಿನ ಧ್ವನಿಮುದ್ರಣ ಆಗಬೇಕಿತ್ತು. ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕಿಝಾರ್ಟ್‌ನ ಆಂಪ್ ಹಾಳಾಯಿತು. ಕಾರಿನ ಮೇಲಿಂದ ಬಿತ್ತು ಎನ್ನುವವರಿದ್ದಾರೆ, ಡಿಕ್ಕಿಯಲ್ಲಿ ಮಳೆನೀರು ಹೊಕ್ಕಿತು ಎನ್ನುವವರೂ ಇದ್ದಾರೆ. ಸ್ಪೀಕರಿನ ಕಾಗದದ ಕೋನ್ ಹರಿದಿತ್ತು. ಬೇರೆ ತರಲು ಹೊತ್ತಿರಲಿಲ್ಲ. ಒಳಗೆ ಕಾಗದ ತುರುಕಿ ನುಡಿಸಿದರು. ಗಿಟಾರ್ ಸ್ಯಾಕ್ಸೋಫೋನಿನ ಹಾಗೆ ಗೊಗ್ಗರಾಗಿ ಗುರುಗುಟ್ಟಿತು. ಫಿಲಿಪ್ಸ್ ಅದನ್ನು ಮರೆಮಾಡುವ ಬದಲು ಮುಂದಕ್ಕೆ ತಂದ. ಮೊದಲ ರಾಕ್ ಅಂಡ್ ರೋಲ್ ಹಾಡು ಯಾವುದು ಎಂಬ ಮುಗಿಯದ ಜಗಳದಲ್ಲಿ ಇಂದಿಗೂ ಆ ಮುದ್ರಣದ ಹೆಸರು ಬರುತ್ತದೆ.

ಹತ್ತು ವರ್ಷಗಳ ನಂತರ ನ್ಯಾಶ್‌ವಿಲ್‌ನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ್ದು. ಮಾರ್ಟಿ ರಾಬಿನ್ಸ್ ಹಾಡಿದ ‘ಡೋಂಟ್ ವರಿ’ ಒಂದು ಸಾಧು ಸ್ವಭಾವದ ಕಂಟ್ರಿ ಹಾಡು. ನಡುವೆ ಗ್ರೇಡಿ ಮಾರ್ಟಿನ್ ಆರು ತಂತಿಯ ಬಾಸ್ ಗಿಟಾರಿನಲ್ಲಿ ಒಂದು ತುಣುಕು ನುಡಿಸುತ್ತಾನೆ. ಅವನ ವಾದ್ಯ ಜೋಡಿಸಿದ್ದ ಮಿಕ್ಸಿಂಗ್ ಕನ್ಸೋಲಿನ ಚಾನೆಲ್ ಅಂದು ಕೆಟ್ಟಿತ್ತು. ಹೊರಬಂದದ್ದು ಜೇನುಹುಳುಗಳ ಮೊರೆತದಂಥ ಸದ್ದು. ಅದನ್ನು ಹಾಗೇ ಉಳಿಸಿಕೊಂಡರು. 1961ರಲ್ಲಿ ಹಾಡು ಹಿಟ್ ಆಯಿತು. ಆಮೇಲೆ ಬೇರೆ ಕಲಾವಿದರೂ ಆ ಸದ್ದು ತಮಗೂ ಬೇಕೆಂದರು. ಕೆಟ್ಟ ಚಾನೆಲ್ ಅಷ್ಟರಲ್ಲಿ ಪೂರ್ತಿ ಸತ್ತಿತ್ತು. ಧ್ವನಿಮುದ್ರಣ ಮಾಡಿದ್ದ ಇಂಜಿನಿಯರ್ ಗ್ಲೆನ್ ಸ್ನಾಡಿ, ಸತ್ತುಹೋದ ಆ ದೋಷವನ್ನೇ ಟ್ರಾನ್ಸಿಸ್ಟರುಗಳಲ್ಲಿ ಮತ್ತೆ ಕಟ್ಟಲು ಕುಳಿತ. ನಿಲ್ಲಿಸಿ ಯೋಚಿಸಬೇಕಾದ ಗಳಿಗೆಯಿದು. ಕೆಟ್ಟದ್ದನ್ನು ಸರಿಪಡಿಸುವುದು ಇಂಜಿನಿಯರನ ಕೆಲಸ. ಇಲ್ಲಿ ಆತ ಕೆಟ್ಟದ್ದು ಸರಿಯಾಗಿ ಕೆಡುವಂತೆ ಮಾಡಲು ಹೆಣಗುತ್ತಿದ್ದಾನೆ. ಅವನ ಸರ್ಕೀಟನ್ನು ಗಿಬ್ಸನ್ ಕಂಪನಿ ಕೊಂಡು 1962ರಲ್ಲಿ ‘ಮೇಸ್ಟ್ರೋ ಫಝ್ ಟೋನ್’ ಎಂದು ಮಾರಿತು. ನೆಲದ ಮೇಲಿಟ್ಟು ಕಾಲಲ್ಲಿ ತುಳಿಯುವ ಪೆಟ್ಟಿಗೆ. ಗಿಟಾರಿನಲ್ಲಿ ತುತ್ತೂರಿ, ಚೆಲ್ಲೋಗಳ ಸದ್ದು ಬರುತ್ತದೆ ಎಂದು ಜಾಹೀರಾತು. ಗಿಟಾರು ಗಿಟಾರಾಗಿಯೇ ಹೀಗೆ ಕಿರುಚಬಹುದು ಎಂದು ಮಾರುವವರಿಗೇ ಇನ್ನೂ ಹೊಳೆದಿರಲಿಲ್ಲ.

ಅಂಗಡಿಗಳವರು ಮೊದಲ ಉತ್ಸಾಹದಲ್ಲಿ ತರಿಸಿಕೊಂಡ ಪೆಟ್ಟಿಗೆಗಳು ಹಾಗೇ ಕುಳಿತವು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಫಝ್ ಟೋನ್ ತುಳಿದ. ಅವನ ಮನಸ್ಸಿನಲ್ಲಿದ್ದದ್ದೂ ತುತ್ತೂರಿಯೇ. ಆ ಜಾಗದಲ್ಲಿ ಮುಂದೆ ತುತ್ತೂರಿಗಳು ಬರಲಿ, ಸದ್ಯಕ್ಕೆ ಒಂದು ಗುರುತು ಇರಲಿ ಎಂದು ನುಡಿಸಿದ್ದು. ಬೇರೆಯವರು ಅದನ್ನೇ ಬಿಡುಗಡೆ ಮಾಡಿಬಿಟ್ಟರು. ಉಳಿದ ಪೆಟ್ಟಿಗೆಗಳೆಲ್ಲ ಖರ್ಚಾದವು. ಅದೇ ವರ್ಷ ಓಟಿಸ್ ರೆಡಿಂಗ್ ಆ ಹಾಡನ್ನು ನಿಜವಾದ ತುತ್ತೂರಿಗಳೊಂದಿಗೆ ಹಾಡಿ ಮುದ್ರಿಸಿದ. ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ. ರೆಡಿಂಗನದು ಅದ್ಭುತವಾಗಿದೆ, ಆದರೆ ಈಗ ನಮ್ಮ ಕಿವಿಗೆ ತುತ್ತೂರಿಗಳೇ ಫಝ್ ಪೆಟ್ಟಿಗೆಯನ್ನು ಅನುಕರಿಸುತ್ತಿರುವಂತೆ ಕೇಳಿಸುತ್ತವೆ.

ಇದೆಲ್ಲ ಪಶ್ಚಿಮದವರ ಹುಚ್ಚು ಎಂದುಕೊಳ್ಳಬೇಕಿಲ್ಲ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ, ನೂಲಿನ ಒಂದು ಎಳೆ ಇಡುತ್ತಾರಲ್ಲ, ಅದು ಏನು ಮಾಡುತ್ತದೆ? ತಂತಿ ಕುದುರೆಯನ್ನು ಸವರಿ ಝೇಂಕರಿಸುವಂತೆ ಮಾಡುತ್ತದೆ. ಎಳೆ ತೆಗೆದರೆ ತಂತಿಯ ನಾದ ಶುದ್ಧವಾಗುತ್ತದೆ, ಆದರೆ ಪೆಚ್ಚಾಗುತ್ತದೆ. ಎಳೆ ಇಟ್ಟಾಗಲೇ ಷಡ್ಜದೊಳಗಿನಿಂದ ಸ್ವಯಂಭೂ ಗಾಂಧಾರ ಸ್ಪಷ್ಟವಾಗಿ ಏಳುವುದು. ತಂತಿ ಅಡ್ಡಿಯಿಲ್ಲದೆ ಅಲುಗಾಡಬೇಕೆಂಬ ಲೆಕ್ಕದಲ್ಲಿ ನೋಡಿದರೆ ಅದೊಂದು ದೋಷ; ನಮ್ಮವರು ಅದನ್ನು ನಾದದ ಜೀವ ಎಂದರು. ನೂಲನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಹುಡುಕುವ ತಂಬೂರಿಗಾರನಿಗೂ, ಆಂಪಿನ ಗುಂಡಿಯನ್ನು ಆರೂವರೆಯಲ್ಲಿಡಬೇಕೋ ಏಳರಲ್ಲೋ ಎಂದು ತಲೆ ಕೆಡಿಸಿಕೊಳ್ಳುವ ಗಿಟಾರಿನವನಿಗೂ ಕಿವಿಯಲ್ಲಿ ಇರುವುದು ಒಂದೇ ಚಪಲ.

ಲಂಡನ್ನಿನಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಅಪಘಾತಕ್ಕೆ ಕಾಯಲಿಲ್ಲ. 1964ರಲ್ಲಿ ತನ್ನ ಸಣ್ಣ ಆಂಪಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿದ. ಅದೇ ಊರಿನಲ್ಲಿ ಡ್ರಮ್ ಅಂಗಡಿಯಿಟ್ಟಿದ್ದ ಜಿಮ್ ಮಾರ್ಷಲ್, ಅಮೆರಿಕದಿಂದ ತರಿಸುವ ಆಂಪುಗಳು ತೀರಾ ದುಬಾರಿ ಎಂದು 1962ರ ಹೊತ್ತಿಗೆ ಫೆಂಡರ್ ಬಾಸ್‌ಮನ್ನಿನ ಸರ್ಕೀಟನ್ನು ನಕಲು ಮಾಡಿಸಿದ್ದ. ಆದರೆ ಬಿಡಿಭಾಗಗಳು ಇಂಗ್ಲೆಂಡಿನಲ್ಲಿ ಸಿಗುವಂಥವು, ಸ್ಪೀಕರುಗಳು ಸೆಲೆಸ್ಟಿಯನ್ ಕಂಪನಿಯವು. ನಕ್ಷೆ ಹೆಚ್ಚುಕಡಿಮೆ ಒಂದೇ, ಸದ್ದು ಬೇರೆ. ಅದು ಬೆಳೆದು ಹೆಂಡ್ರಿಕ್ಸ್, ಕ್ಲಾಪ್ಟನ್‌ರ ಸದ್ದಾಯಿತು. ಈ ಇತಿಹಾಸದಲ್ಲಿ ಮೊಟ್ಟಮೊದಲ ‘ಮಾಡೆಲ್’ ಯಾವುದೆಂದು ಕೇಳಿದರೆ ನಾನು ಮಾರ್ಷಲ್‌ನನ್ನೇ ತೋರಿಸುತ್ತೇನೆ. ಮೂಲಕ್ಕೆ ನಿಷ್ಠವಾಗಲು ಹೋಗಿ, ಕೈಗೆ ಸಿಕ್ಕ ಸಾಮಾನಿನಿಂದಾಗಿ ತಪ್ಪಿ, ಸ್ವತಂತ್ರ ಕೃತಿಯಾದ ಅನುವಾದ ಅದು.

ಮಾಡೆಲರ್ ಪಟ್ಟಿಯ ಉಳಿದ ಸದ್ದುಗಳೂ ಹೀಗೆಯೇ. ‘ಸ್ಪ್ರಿಂಗ್ ರಿವರ್ಬ್’ ಎಂಬುದು ಮೂಲದಲ್ಲಿ ಸಂಗೀತದ ವಸ್ತುವೇ ಅಲ್ಲ. ದೂರದ ಟೆಲಿಫೋನ್ ತಂತಿಯಲ್ಲಿ ಮಾತು ತಡವಾಗಿ ತಲುಪುವುದನ್ನು ಪ್ರಯೋಗಾಲಯದಲ್ಲಿ ಅಭ್ಯಸಿಸಲು ಬೆಲ್ ಲ್ಯಾಬ್ಸ್‌ನವರು ಮಾಡಿದ್ದ ಸುರುಳಿ ಸ್ಪ್ರಿಂಗು. ಚರ್ಚಿನ ಮಾರ್ದನಿಯಿಲ್ಲದ ಮನೆಗಳಲ್ಲಿ ತನ್ನ ಆರ್ಗನ್ ಬಣಗುಟ್ಟುತ್ತದೆ ಎಂದು ಹ್ಯಾಮಂಡ್ ಅದನ್ನು ಎರವಲು ತಂದ. 1961ರಲ್ಲಿ ಅದು ಫೆಂಡರ್ ಪೆಟ್ಟಿಗೆಯಾಗಿ ಗಿಟಾರಿಗೆ ಬಂತು. ಟೇಪ್ ಎಕೋದಲ್ಲಿ ಪ್ರತಿ ಮಾರ್ದನಿಯೂ ಹಿಂದಿನದಕ್ಕಿಂತ ಮಂಕಾಗುವುದು, ಕೊಂಚ ತೂಗಾಡುವುದು ಕಾಂತೀಯ ಟೇಪಿನ ಬಡತನದಿಂದ. ರೋಲ್ಯಾಂಡ್ ಕಂಪನಿಯ 1974ರ ‘ಸ್ಪೇಸ್ ಎಕೋ’ ಆ ಬಡತನದ ಶಿಖರ. ಇಂದಿನ ಮಾಡೆಲರುಗಳಲ್ಲಿ ಈ ತೂಗಾಟವನ್ನು ಹೆಚ್ಚಿಸಲು ಪ್ರತ್ಯೇಕ ಗುಂಡಿ ಇರುತ್ತದೆ.

ಒಂದೊಂದು ಸದ್ದಿಗೆ ಒಂದೊಂದು ಪೆಟ್ಟಿಗೆ ಎಂದಾದ ಮೇಲೆ ಅವನ್ನೆಲ್ಲ ಜೋಡಿಸುವ ಹಲಗೆ ಬೇಕಾಯಿತು. ಅದೇ ಪೆಡಲ್‌ಬೋರ್ಡ್. ಬಾಸ್ ಕಂಪನಿ 1977ರಲ್ಲಿ ಅಂಗೈ ಅಗಲದ ಗಟ್ಟಿ ಪೆಡಲುಗಳನ್ನು ತಂದಿತು. 1983ರಲ್ಲಿ ಅದೇ ಗಾತ್ರದೊಳಗೆ ಡಿಜಿಟಲ್ ಡಿಲೇ ಕೂರಿಸಿತು. 1988ರಲ್ಲಿ ಹಲವು ಎಫೆಕ್ಟುಗಳನ್ನು ಒಟ್ಟಿಗೆ ಸೇರಿಸಿದ ‘ಎಂಇ-5’ ತಂದಿತು. ಆ ಕಾಲದ ಮಲ್ಟಿ ಎಫೆಕ್ಟ್ಸ್ ಪೆಟ್ಟಿಗೆಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅನುಕೂಲವಿತ್ತು, ಸದ್ದು ಪ್ಲಾಸ್ಟಿಕ್ಕಿನಂತಿತ್ತು.

ತಿರುವು ಬಂದದ್ದು 1990ರ ದಶಕದ ಕೊನೆಗೆ. ಓಬರ್‌ಹೈಮ್ ಸಿಂಥಸೈಸರ್ ಕಂಪನಿಯಲ್ಲಿ ದುಡಿದಿದ್ದ ಮಾರ್ಕಸ್ ರೈಲ್ ಮತ್ತು ಮಿಷೆಲ್ ದ್ವಾದಿಕ್ ಕಟ್ಟಿದ ಲೈನ್ ಸಿಕ್ಸ್, 1998ರಲ್ಲಿ ಹುರುಳಿಕಾಳಿನ ಆಕಾರದ ಕೆಂಪು ‘ಪಾಡ್’ ತಂದಿತು. ಅಲ್ಲಿಯವರೆಗೆ ಡಿಜಿಟಲ್ ಪೆಟ್ಟಿಗೆಗಳು ಫಲಿತಾಂಶವನ್ನು ಅನುಕರಿಸುತ್ತಿದ್ದವು. ಇವರು ಕಾರಣವನ್ನು ಅನುಕರಿಸಲು ಹೊರಟರು. ಯಾವ ವಾಲ್ವ್ ಎಷ್ಟು ಒತ್ತಡಕ್ಕೆ ಹೇಗೆ ಬಾಗುತ್ತದೆ, ಗುಂಡಿ ತಿರುಗಿಸಿದರೆ ಉಳಿದ ಭಾಗಗಳು ಹೇಗೆ ಸ್ಪಂದಿಸುತ್ತವೆ ಎಂಬುದನ್ನು ಸೂತ್ರಗಳಾಗಿ ಬರೆಯುವ ದಾರಿ. ಇದು ವ್ಯಾಕರಣ ಕಲಿತು ಭಾಷೆ ಮಾತಾಡುವವನ ದಾರಿ. 2006ರಲ್ಲಿ ಬಂದ ಫ್ರಾಕ್ಟಲ್ ಕಂಪನಿಯ ಆಕ್ಸ್ ಎಫ್‌ಎಕ್ಸ್, 2015ರ ಹೀಲಿಕ್ಸ್, ಅದರ ತಮ್ಮನಾದ ಎಚ್‌ಎಕ್ಸ್ ಸ್ಟಾಂಪ್ ಇದೇ ವಂಶದವು.

ಇನ್ನೊಂದು ದಾರಿಯನ್ನು ತೆರೆದವನು ಜರ್ಮನಿಯ ಕ್ರಿಸ್ಟೋಫ್ ಕೆಂಪರ್, 2011ರಲ್ಲಿ. ಅವನ ಯಂತ್ರ ಆಂಪಿನ ನಕ್ಷೆಯನ್ನು ಕೇಳುವುದೇ ಇಲ್ಲ. ನಿಮ್ಮ ಎದುರಿಗಿರುವ ನಿಜವಾದ ಆಂಪಿಗೆ ವಿಚಿತ್ರ ಪರೀಕ್ಷಾ ಸದ್ದುಗಳನ್ನು ಕಳಿಸಿ, ಹೊರಬರುವುದನ್ನು ಮೈಕಿನಲ್ಲಿ ಕೇಳಿ, ನಡುವಿನ ವ್ಯತ್ಯಾಸವನ್ನು ಕಲಿಯುತ್ತದೆ. ವ್ಯಾಕರಣ ಗೊತ್ತಿಲ್ಲದೆ, ಗುರು ಹೇಳಿದ್ದನ್ನು ಕೇಳಿ ಕೇಳಿ ಒಪ್ಪಿಸುವ ಪಾಠಶಾಲೆಯ ವಟುವಿನಂತೆ. ನ್ಯೂರಲ್ ಡಿಎಸ್‌ಪಿಯ ಪೆಟ್ಟಿಗೆಗಳು, ಉಚಿತವಾಗಿ ಸಿಗುವ ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶ ಈ ಕಲಿಕೆಯನ್ನು ಕೃತಕ ನರಜಾಲಗಳಿಗೆ ವಹಿಸಿವೆ. ಒಪ್ಪಿಸುವುದರಲ್ಲಿ ಇವು ಬೆರಗುಗೊಳಿಸುತ್ತವೆ. ಆದರೆ ಕಲಿತದ್ದು ಆ ದಿನ, ಆ ಆಂಪು, ಗುಂಡಿಗಳು ನಿಂತಿದ್ದ ಆ ಸ್ಥಾನ. ಗುಂಡಿಯನ್ನು ದೂರಕ್ಕೆ ತಿರುಗಿಸಿದರೆ ಮೂಲ ಆಂಪು ಏನು ಮಾಡುತ್ತಿತ್ತೆಂದು ಒಂದೇ ಸ್ಥಾನವನ್ನು ಕಲಿತ ನಕಲಿಗೆ ಗೊತ್ತಿರುವುದಿಲ್ಲ, ಊಹಿಸುತ್ತದೆ. ಪೆಟ್ಟಿಗೆ ಆರಿಸುವಾಗ ಇದು ನಿಜಕ್ಕೂ ಮುಖ್ಯವಾದ ಭೇದ. ಒಂದು ಸದ್ದು ಹುಡುಕಿಕೊಂಡು ಅದರಲ್ಲೇ ನಿಲ್ಲುವವರಿಗೆ ಎರಡನೆಯದು, ಗುಂಡಿ ತಿರುಗಿಸುತ್ತಾ ಹುಡುಕುವುದೇ ಸುಖ ಎನ್ನುವವರಿಗೆ ಮೊದಲನೆಯದು. ಕಲಿಯುವವರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ಗುಂಡಿ ತಿರುಗಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಸರಿಯುತ್ತರ ಕೊಡುವ ಯಂತ್ರ ಮೇಷ್ಟರಂತೆ.

2013ರ ಡಿಸೆಂಬರ್ 8ರಂದು ಮೆಟಾಲಿಕಾ ತಂಡ ಅಂಟಾರ್ಕ್ಟಿಕಾದಲ್ಲಿ ನುಡಿಸಿತು. ಎರಡು ವರ್ಷ ಹಿಂದೆ, 2011ರ ಅಕ್ಟೋಬರ್ 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಹಸ್ರಾರು ಜನರ ಮುಂದೆ ನುಡಿಸಿದ್ದ ಇದೇ ತಂಡ. ಅರ್ಜೆಂಟೀನಾದ ಕಾರ್ಲಿನಿ ಸಂಶೋಧನಾ ನೆಲೆಯ ಆ ಪಾರದರ್ಶಕ ಗುಮ್ಮಟದೊಳಗೆ ಪರಿಸರದ ಕಾರಣಕ್ಕೆ ಸ್ಪೀಕರುಗಳ ಅಬ್ಬರ ಕೂಡದು. ಗಿಟಾರುಗಳ ಸದ್ದು ಮಾಡೆಲರುಗಳ ಮೂಲಕ ನೇರ ಕೇಳುಗರ ಹೆಡ್‌ಫೋನುಗಳಿಗೆ ಹೋಯಿತು. ಗೋಡೆ ನಡುಗಿಸುವುದೇ ಕಸುಬಾಗಿದ್ದ ತಂಡದ ಎದುರು ಜನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಣಿದರು. ಹೆಡ್‌ಫೋನ್ ತೆಗೆದರೆ ಕೇಳುವುದು ಡ್ರಮ್ಮಿನ ಬಡಿತ, ಗಾಯಕನ ಬರಿಗಂಟಲು, ತಂತಿಗಳ ಕಿಣಿಕಿಣಿ.

ಈ ಚಿತ್ರದಲ್ಲಿ ಗಳಿಸಿದ್ದೂ ಕಳೆದದ್ದೂ ಎರಡೂ ಇವೆ. ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ, ಪಕ್ಕದ ಮನೆಯವರ ಗೋಡೆಗೆ ಒತ್ತಿಕೊಂಡ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೆ ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಅಂಟಾರ್ಕ್ಟಿಕಾ ದಿನನಿತ್ಯದ ಸ್ಥಿತಿ. ನೂರು ವಾಟ್ ಮಾರ್ಷಲ್ ಆಂಪು ತನ್ನ ಒಳ್ಳೆಯ ಗುಣ ತೋರುವುದು ಕಿವಿ ಒಡೆಯುವ ಮಟ್ಟದಲ್ಲಿ ಮಾತ್ರ. ಆ ಸದ್ದನ್ನು ಅಂಥವರ ಕೈಗೆ ತಂದದ್ದು ಮಾಡೆಲರ್. ಕಳೆದದ್ದು ಗಾಳಿ. ಜೋರಾಗಿ ನುಡಿಯುವ ಸ್ಪೀಕರ್ ಕೋಣೆಯ ಗಾಳಿಯನ್ನು ನೂಕಿ, ಆ ಗಾಳಿ ಗಿಟಾರಿನ ತಂತಿಯನ್ನು ಮರಳಿ ಅಲುಗಾಡಿಸಿ, ನಿಂತು ಹೋಗಬೇಕಿದ್ದ ಸ್ವರ ತಾನೇ ಹಾಡತೊಡಗುತ್ತದೆ. ಹೆಂಡ್ರಿಕ್ಸ್ ಈ ಫೀಡ್‌ಬ್ಯಾಕನ್ನೇ ವಾದ್ಯವಾಗಿಸಿದ್ದ. ಹೆಡ್‌ಫೋನಿನಲ್ಲಿ ಆ ದಾರಿಯೇ ಇಲ್ಲ. ಅದನ್ನೂ ಅನುಕರಿಸುವ ಎಫೆಕ್ಟುಗಳು ಬಂದಿವೆ. ಅವು ಅನುಕರಿಸುವುದು ಫಲವನ್ನು, ಸಂಬಂಧವನ್ನಲ್ಲ.

ವಿಳಂಬದ ದೂರು ಮಾತ್ರ ಉತ್ಪ್ರೇಕ್ಷೆ. ಒಳ್ಳೆಯ ಪೆಟ್ಟಿಗೆ ಲೆಕ್ಕ ಮುಗಿಸಿ ಸದ್ದು ಹೊರಬಿಡಲು ಒಂದೆರಡು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಚಲಿಸುತ್ತದೆ. ಎರಡು ಮಿಲಿಸೆಕೆಂಡ್ ಎಂದರೆ ಆಂಪಿನಿಂದ ಒಂದು ಹೆಜ್ಜೆ ಹಿಂದೆ ನಿಂತಷ್ಟೇ.

ನಮ್ಮಲ್ಲಿ ಈ ವಾದ ಇನ್ನೊಂದು ವೇಷದಲ್ಲಿ ಆಗಲೇ ನಡೆದಿದೆ. ಬೆಂಗಳೂರಿನ ರೇಡೆಲ್ ಸಂಸ್ಥೆಯ ಇಂಜಿನಿಯರ್ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿ ದಶಕಗಳಾಗಿವೆ. ಅದು ಜೀವವಿಲ್ಲದ ಶ್ರುತಿ ಎಂದು ಗೊಣಗಿದವರುಂಟು. ಹಾಗಿದ್ದೂ ಅದು ಮನೆಮನೆಯ ಪಾಠದ ಕೋಣೆ ಸೇರಿತು. ಏಕೆಂದರೆ ಬಸ್ಸಿನಲ್ಲಿ ತಂಬೂರಿ ಹೊತ್ತೊಯ್ಯುವ ಕಷ್ಟ ಹೊತ್ತವರಿಗೇ ಗೊತ್ತು. ಕಚೇರಿಯಲ್ಲಿ ಇಂದಿಗೂ ಕೆಲವರು ಮರದ ತಂಬೂರಿಯನ್ನೂ ಪಕ್ಕದಲ್ಲಿಟ್ಟುಕೊಳ್ಳುತ್ತಾರೆ. ಹಾಗೆಯೇ ಅನೇಕ ಗಿಟಾರಿಗರು ಹಲಗೆಯ ಮೇಲೆ ನಿಜವಾದ ಎರಡೋ ಮೂರೋ ಪೆಡಲುಗಳನ್ನು ಉಳಿಸಿಕೊಂಡು, ಉಳಿದದ್ದಕ್ಕೆ ಪುಟ್ಟ ಮಾಡೆಲರ್ ಇಟ್ಟುಕೊಳ್ಳುತ್ತಾರೆ. ನನಗೂ ಇದೇ ಸರಿ ಎನಿಸುತ್ತದೆ. ಯಾವುದನ್ನು ಉಳಿಸಿಕೊಳ್ಳುವುದು? ಫಝ್ ಪೆಡಲನ್ನು. ಹಳೆಯ ಫಝ್ ಗಿಟಾರಿನ ಪಿಕಪ್ಪಿನೊಡನೆ ನೇರವಾಗಿ ಬೆಸೆದುಕೊಂಡು ಕೆಲಸ ಮಾಡುತ್ತದೆ, ಜರ್ಮೇನಿಯಂ ಟ್ರಾನ್ಸಿಸ್ಟರಿನದಾದರೆ ಸೆಕೆಗೆ ಸ್ವಭಾವವನ್ನೂ ಬದಲಿಸುತ್ತದೆ. ಎಕೋ, ರಿವರ್ಬುಗಳನ್ನು ಪೆಟ್ಟಿಗೆಗೆ ನಿಶ್ಚಿಂತೆಯಿಂದ ಒಪ್ಪಿಸಬಹುದು.

ಹಾಗಾದರೆ ನೋಡಬೇಕಾದದ್ದು ಬೇರೆ. ಹೊರಗಿನ ಪೆಡಲುಗಳನ್ನು ನಡುವೆ ಜೋಡಿಸಲು ಸೆಂಡ್ ಮತ್ತು ರಿಟರ್ನ್ ಕಿಂಡಿಗಳು ಇವೆಯೇ? ಏಕಕಾಲಕ್ಕೆ ಎಷ್ಟು ಎಫೆಕ್ಟ್ ನಡೆಯುತ್ತವೆ? ಎಚ್‌ಎಕ್ಸ್ ಸ್ಟಾಂಪ್ ಮೊದಲು ಬಂದಾಗ ಆರಕ್ಕಿಂತ ಹೆಚ್ಚು ನಡೆಯುತ್ತಿರಲಿಲ್ಲ, ಜನ ಬೈದರು, ಮುಂದೆ ತಂತ್ರಾಂಶ ಬದಲಿಸಿ ಎಂಟು ಮಾಡಿದರು. ಆರು ಸಾಲದು ಎಂದವರಲ್ಲಿ ಎಷ್ಟು ಜನ ಏಕಕಾಲಕ್ಕೆ ಆರು ಪೆಡಲ್ ತುಳಿದಿದ್ದರೋ! ಮೇಸ್ಟ್ರೋ ಪೆಟ್ಟಿಗೆಗೆ ಎರಡು ಪುಟ್ಟ ಸೆಲ್ಲು ಸಾಕಿತ್ತು. ಸ್ಟಾಂಪಿನೊಂದಿಗೆ ಬರುವ ಅಡಾಪ್ಟರ್ 9 ವೋಲ್ಟ್, 3 ಆಂಪಿಯರಿನದು. ಹಲಗೆಯ ಮೇಲಿರುವ ಸಾಮಾನ್ಯ ಪವರ್ ಸಪ್ಲೈ ಇದಕ್ಕೆ ಕೈಯೆತ್ತಬಹುದು. ಹಲಗೆಯ ಲೆಕ್ಕ ಹಾಕುವಾಗ ಪೆಟ್ಟಿಗೆಯ ಜೊತೆ ಅಡಾಪ್ಟರಿನ ಜಾಗವನ್ನೂ ಸೇರಿಸಬೇಕು. ಇನ್ನೊಂದು, ಆಯುಸ್ಸು. 1962ರ ಫಝ್ ಕೆಟ್ಟರೆ ಬೆಸುಗೆ ಕಡ್ಡಿ ಹಿಡಿದ ಯಾವ ರಿಪೇರಿಯವನಾದರೂ ಕೂತು ನೋಡಬಲ್ಲ. ಮಾಡೆಲರಿನ ಚಿಪ್ಪು ಸತ್ತರೆ, ಅಥವಾ ಅದನ್ನು ತಿದ್ದುವ ತಂತ್ರಾಂಶ ನಾಳೆಯ ಕಂಪ್ಯೂಟರಿನಲ್ಲಿ ತೆರೆಯದಿದ್ದರೆ, ಹಾಗೆ ಕೂತು ನೋಡುವವರು ಸಿಗುವುದು ಕಷ್ಟ. ಪರದೆಯಿಲ್ಲದೆ, ಫೋನಿಲ್ಲದೆ, ಪೆಟ್ಟಿಗೆಯ ಮೈಮೇಲಿನ ಗುಂಡಿಗಳಿಂದಲೇ ಎಷ್ಟು ಕೆಲಸ ಆಗುತ್ತದೆ ಎಂದು ಕೊಳ್ಳುವ ಮೊದಲು ನೋಡಿಕೊಳ್ಳುವುದು ಕ್ಷೇಮ.

ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಯೊಂದಿದೆ. ಕಂಪನಿಯವರು ಮೊದಲೇ ತುಂಬಿಟ್ಟ ಅಬ್ಬರದ ಸದ್ದುಗಳನ್ನು ದಾಟಿ, ಖಾಲಿ ಜಾಗಕ್ಕೆ ಹೋಗಿ, ಒಂದೇ ಒಂದು ಆಂಪ್ ಇಡಿ. ಅದು ಗುರುಗುಟ್ಟುವಷ್ಟು ಏರಿಸಿ. ಈಗ ಗಿಟಾರಿನ ಮೈಮೇಲಿರುವ ವಾಲ್ಯೂಮ್ ಗುಂಡಿಯನ್ನು ಅರ್ಧಕ್ಕೆ ಇಳಿಸಿ, ಒಂದೇ ಸ್ವರವನ್ನು ಮೆಲ್ಲಗೆ ಮೀಟಿ, ಆಮೇಲೆ ಬಲವಾಗಿ ಮೀಟಿ. ನಿಜವಾದ ವಾಲ್ವ್ ಆಂಪಾದರೆ ಮೆಲ್ಲಗೆ ಮೀಟಿದಾಗ ಸದ್ದು ತಿಳಿಯಾಗುತ್ತದೆ, ಬಲವಾಗಿ ಮೀಟಿದಾಗ ಅಂಚು ಮುರಿಯುತ್ತದೆ. ನಡುವೆ ಗೆರೆ ಎಳೆದು ತೋರಿಸಲಾಗದು. ಪೆಟ್ಟಿಗೆ ಅಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳಿ. ಎರಡು ಪೆಟ್ಟಿಗೆಗಳು ಒಂದೇ ಬಗೆಯಾಗಿ ನಡೆದುಕೊಂಡರೆ, ಅಡಾಪ್ಟರ್ ಚಿಕ್ಕದಿರುವುದನ್ನು ತೆಗೆದುಕೊಳ್ಳಿ.